ಠಾಣೆಯಿಂದ ಮಂಡಳಿಗೆ: ಮಗುವಿನ ಮೇಲೆ ಕೇಸಾದಾಗ ಮೊದಲ ಹದಿನೈದು ದಿನ

ಹದಿನೇಳರ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋದರು ಎಂಬ ಸುದ್ದಿ ಬಂದರೆ ಮನೆಮಂದಿಯೆಲ್ಲ ಠಾಣೆಯ ಮುಂದೆ ಹೋಗಿ ನಿಲ್ಲುತ್ತಾರೆ. ಅದು ಸಹಜ. ಆದರೆ ಅವರಲ್ಲಿ ಒಬ್ಬರಾದರೂ ಆ ಹೊತ್ತಿಗೆ ಹುಡುಗ ಓದಿದ ಶಾಲೆಯ ಕಡೆ ಹೊರಡಬೇಕು. ಅವನು ಆ ರಾತ್ರಿ ಎಲ್ಲಿ ಮಲಗುತ್ತಾನೆ, ಯಾರ ಮುಂದೆ ನಿಲ್ಲುತ್ತಾನೆ, ಹತ್ತು ವರ್ಷ ಕಳೆದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ಏನು ಬರೆಯಬೇಕಾಗುತ್ತದೆ ಎಂಬುದೆಲ್ಲ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ಒಂದು ಪುಸ್ತಕದ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಬಾಲನ್ಯಾಯ ಕಾಯ್ದೆಯ ಚರ್ಚೆ ನಮ್ಮಲ್ಲಿ ಯಾವಾಗಲೂ ಶಿಕ್ಷೆ ಸಾಕೇ ಸಾಲದೇ ಎಂಬಲ್ಲೇ ಸುತ್ತುತ್ತದೆ. ಇಡೀ ವ್ಯವಸ್ಥೆಯ ಭಾರ ಬಿದ್ದಿರುವುದು ಮೂರು ಕಾಗದಗಳ ಮೇಲೆ: ವಯಸ್ಸಿನ ದಾಖಲೆ, ಠಾಣೆಯಲ್ಲಿ ಬರೆಯುವ ಸಾಮಾಜಿಕ ಹಿನ್ನೆಲೆ ವರದಿ, ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಬಾಲನ್ಯಾಯ ಮಂಡಳಿಗೆ, ಅಂದರೆ ಮಕ್ಕಳ ಪ್ರಕರಣ ವಿಚಾರಿಸುವ ಮೂವರ ಪೀಠಕ್ಕೆ, ಕೊಡುವ ಸಾಮಾಜಿಕ ತನಿಖಾ ವರದಿ. ಮೂರೂ ಸಿದ್ಧವಾಗಬೇಕಾದದ್ದು ಮೊದಲ ಎರಡು ವಾರಗಳಲ್ಲಿ. ಅಲ್ಲಿ ಎಡವಿದರೆ ಎಷ್ಟು ದೊಡ್ಡ ವಕೀಲರನ್ನು ಹಿಡಿದರೂ ಮುಂದಿನ ವರ್ಷಗಳು ಆ ಎಡವಟ್ಟನ್ನು ಸರಿಪಡಿಸುವುದರಲ್ಲೇ ಕಳೆಯುತ್ತವೆ.

ಈ ಕಾಗದಗಳು ಯಾಕೆ ಇಷ್ಟು ಮುಖ್ಯವಾದವು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಧಾರಣಾ ಶಾಲೆಯಿಂದ ಮಂಡಳಿಯವರೆಗೆ

1850ರ ಅಪ್ರೆಂಟಿಸ್ ಕಾಯ್ದೆ ಹತ್ತರಿಂದ ಹದಿನೆಂಟರ ನಡುವಿನ ಬಡ, ಅನಾಥ ಮಕ್ಕಳನ್ನು ಕಸುಬು ಕಲಿಯಲು ಯಜಮಾನರ ಕೈಕೆಳಗೆ ಇಡುವ ದಾರಿ ಮಾಡಿತು. ಆಮೇಲೆ 1876ರಲ್ಲಿ, ಮತ್ತೆ 1897ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆಗಳು ಬಂದವು. 1897ರ ಕಾಯ್ದೆಯ ಪ್ರಕಾರ ಹದಿನೈದು ತುಂಬದ ಹುಡುಗನಿಗೆ ಶಿಕ್ಷೆಯಾದರೆ ಜೈಲಿನ ಬದಲು ಮೂರರಿಂದ ಏಳು ವರ್ಷ ಸುಧಾರಣಾ ಶಾಲೆಯಲ್ಲಿ ಇಡಬಹುದಿತ್ತು. ಹುಡುಗ ಎಂದೇ ಬರೆದಿದ್ದರು. ಹೆಣ್ಣುಮಕ್ಕಳು ಆ ಕಾಯ್ದೆಯ ಲೆಕ್ಕದಲ್ಲೇ ಇರಲಿಲ್ಲ. 1919-20ರ ಜೈಲು ಸಮಿತಿ ಮಕ್ಕಳಿಗೆ ಬೇರೆಯೇ ವಿಚಾರಣೆ ಬೇಕು ಎಂದಿತು. 1920ರಲ್ಲಿ ಮದ್ರಾಸ್, 1922ರಲ್ಲಿ ಬಂಗಾಳ, 1924ರಲ್ಲಿ ಬಾಂಬೆ ತಮ್ಮ ತಮ್ಮ ಮಕ್ಕಳ ಕಾಯ್ದೆ ಮಾಡಿಕೊಂಡವು.

ಜಗತ್ತಿನ ಮೊದಲ ಬಾಲ ನ್ಯಾಯಾಲಯ ಎಂದು ಹೆಸರಾದದ್ದು 1899ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಶುರುವಾದದ್ದು. ನ್ಯಾಯಾಧೀಶರು ತಂದೆಯ ಜಾಗದಲ್ಲಿ ಕೂತು ಮಗುವಿಗೆ ಒಳ್ಳೆಯದು ಯಾವುದು ಎಂದು ನೋಡಬೇಕು ಎಂಬುದು ಅದರ ತಳಹದಿ. ಕೇಳಲು ಚೆನ್ನಾಗಿದೆ. ಆದರೆ ತಂದೆಯ ಜಾಗದಲ್ಲಿ ಕೂತವರ ಮುಂದೆ ವಕೀಲರು ಬೇಡ, ಸಾಕ್ಷಿಯ ಪಾಟೀಸವಾಲು ಬೇಡ ಎಂದಾಗ ಏನಾಗುತ್ತದೆ ಎಂಬುದನ್ನು 1967ರ ಗಾಲ್ಟ್ ಪ್ರಕರಣ ತೋರಿಸಿತು. ನೆರೆಯ ಹೆಂಗಸಿಗೆ ಫೋನಿನಲ್ಲಿ ಅಶ್ಲೀಲವಾಗಿ ಮಾತಾಡಿದ ಎಂಬ ದೂರಿನ ಮೇಲೆ ಅರಿಜೋನಾದ ಹದಿನೈದರ ಹುಡುಗನನ್ನು ಇಪ್ಪತ್ತೊಂದು ತುಂಬುವವರೆಗೆ ಇಡಬಹುದೆಂದು ಸುಧಾರಣಾ ಶಾಲೆಗೆ ಕಳಿಸಿದ್ದರು. ಅದೇ ಮಾತನ್ನು ವಯಸ್ಕನೊಬ್ಬ ಆಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ ಇಲ್ಲವೇ ಎರಡು ತಿಂಗಳ ಸಜೆ. ಆರೋಪ ಏನೆಂದು ತಿಳಿಸಬೇಕು, ವಕೀಲರು ಇರಬೇಕು, ಸುಮ್ಮನಿರುವ ಹಕ್ಕು ಮಗುವಿಗೂ ಉಂಟು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮಮತೆಯ ಹೆಸರಿನಲ್ಲಿ ಹಕ್ಕು ಕಸಿಯುವ ಈ ಅಪಾಯ ಇವತ್ತಿಗೂ ಇದೆ. ಮುಂದೆ ತಪ್ಪೊಪ್ಪಿಗೆಯ ಮಾತು ಬಂದಾಗ ಇದನ್ನು ನೆನಪಿಡಿ.

ಸ್ವಾತಂತ್ರ್ಯದ ನಂತರ ಕೇಂದ್ರಾಡಳಿತ ಪ್ರದೇಶಗಳಿಗೆ 1960ರಲ್ಲಿ ಮಕ್ಕಳ ಕಾಯ್ದೆ ಬಂತು. ರಾಜ್ಯಗಳಲ್ಲಿ ಬೇರೆ ಬೇರೆ ಕಾಯ್ದೆಗಳಿದ್ದವು, ಹಲವೆಡೆ ಮಕ್ಕಳು ಜೈಲಿನಲ್ಲೇ ಇದ್ದರು. ಪತ್ರಕರ್ತೆ ಶೀಲಾ ಬರ್ಸೆ ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೈಗೆತ್ತಿಕೊಂಡು ದೇಶಕ್ಕೆಲ್ಲ ಒಂದೇ ಕಾಯ್ದೆ ಬೇಕೆಂದಿತು. 1986ರ ಬಾಲನ್ಯಾಯ ಕಾಯ್ದೆ ಹಾಗೆ ಬಂತು. ಅದರಲ್ಲಿ ಗಂಡಿಗೆ ಹದಿನಾರು, ಹೆಣ್ಣಿಗೆ ಹದಿನೆಂಟು ಗೆರೆ. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಅದಕ್ಕೆ ಹೊಂದುವಂತೆ 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದಿತು.

2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಆರೋಪಿಗಳಲ್ಲೊಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನಿಗೆ ಕಾಯ್ದೆಯಲ್ಲಿದ್ದ ಗರಿಷ್ಠ ಅವಧಿ, ಅಂದರೆ ಮೂರು ವರ್ಷ, ವಿಶೇಷ ಗೃಹ (ಕೃತ್ಯ ಸಾಬೀತಾದ ಮಕ್ಕಳನ್ನು ಇಡುವ ಜಾಗ) ಆಯಿತು. ವಯಸ್ಸಿನ ಗೆರೆ ಇಳಿಸಲು 2013ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಂಸದೀಯ ಸ್ಥಾಯಿ ಸಮಿತಿಯೂ ಮಕ್ಕಳನ್ನು ವಯಸ್ಕರಂತೆ ವಿಚಾರಿಸುವ ಪ್ರಸ್ತಾಪಕ್ಕೆ ವಿರುದ್ಧವಾಗಿಯೇ ವರದಿ ಕೊಟ್ಟಿತ್ತು. ಆದರೂ 2015ರ ಡಿಸೆಂಬರ್‌ನಲ್ಲಿ, ಆ ಹುಡುಗ ಹೊರಬಂದ ದಿನಗಳಲ್ಲೇ, ಹೊಸ ಮಸೂದೆ ರಾಜ್ಯಸಭೆಯಲ್ಲಿ ಪಾಸಾಯಿತು. 2016ರ ಜನವರಿ 15ರಿಂದ ಅದೇ ಜಾರಿಯಲ್ಲಿದೆ. ಬಾಲಾಪರಾಧಿ ಎಂಬ ಮಾತನ್ನು ಕೈಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂದು ಕರೆದ ಕಾಯ್ದೆಯೇ ಹದಿನಾರು ದಾಟಿದ ಕೆಲವರನ್ನು ವಯಸ್ಕರ ವಿಚಾರಣೆಗೆ ಕಳಿಸುವ ಬಾಗಿಲನ್ನೂ ತೆರೆಯಿತು. ಏಳು ವರ್ಷಕ್ಕಿಂತ ಕೆಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ ಎಂಬ ಹಳೆಯ ಐಪಿಸಿ 82ರ ನಿಯಮ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಾಗಿ ಹಾಗೆಯೇ ಮುಂದುವರಿದಿದೆ.

ಮೊದಲ 24 ಗಂಟೆ

ಕಾಯ್ದೆ ಇಲ್ಲಿ ಬಳಸುವ ಪದವೇ ಬೇರೆ. ಮಗುವಿನ ವಿಷಯದಲ್ಲಿ ಬಂಧನ ಎನ್ನುವುದಿಲ್ಲ, ವಶಕ್ಕೆ ಪಡೆಯುವುದು ಎನ್ನುತ್ತದೆ. ವಶಕ್ಕೆ ಪಡೆದ ತಕ್ಷಣ ಮಗುವನ್ನು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಆ ದಿನ ಕೂತಿಲ್ಲ ಎಂಬುದು ನೆಪವಾಗುವುದಿಲ್ಲ, ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಅಧಿಕಾರಿ ಸಾಧ್ಯವಾದಷ್ಟು ಮಫ್ತಿಯಲ್ಲಿರಬೇಕು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು ಎಂದು 2016ರ ಮಾದರಿ ನಿಯಮಗಳಲ್ಲಿ ಬಿಡಿಸಿ ಬರೆದಿದೆ.

ಇನ್ನೊಂದು ನಿಯಮ ಬಹಳ ವಕೀಲರಿಗೂ ತಿಳಿದಿರುವುದಿಲ್ಲ. ಅಪರಾಧ ಘೋರ ವರ್ಗದ್ದಾಗಿದ್ದರೆ (ವರ್ಗಗಳ ವಿವರ ಮುಂದಿದೆ) ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದು ಎಂದಿದ್ದರೆ ಮಾತ್ರ ಎಫ್ಐಆರ್. ಉಳಿದ ಕಡೆಗಳಲ್ಲಿ ಠಾಣಾ ದಿನಚರಿಯಲ್ಲಿ ಬರೆದುಕೊಂಡು, ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿ ತುಂಬಿ ಮಂಡಳಿಗೆ ಕಳಿಸಬೇಕು. ಅಂಥ ಪ್ರಕರಣಗಳಲ್ಲಿ ಮಗುವನ್ನು ವಶಕ್ಕೆ ಪಡೆಯುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ, ಮಗುವಿನ ಹಿತಕ್ಕೆ ಬೇಕಾದರೆ ಮಾತ್ರ. ತಂದೆತಾಯಿಗೆ ವಿಚಾರಣೆಯ ದಿನಾಂಕ ತಿಳಿಸಿ ಮನೆಗೆ ಕಳಿಸಬಹುದು.

ತಪ್ಪು ನಡೆಯುವುದು ಗಡಿಯಾರದಲ್ಲಿ. ಸೋಮವಾರ ಸಂಜೆ ‘ಸ್ವಲ್ಪ ವಿಚಾರಿಸಿ ಕಳಿಸುತ್ತೇವೆ’ ಎಂದು ಕರೆದೊಯ್ದ ಹುಡುಗನನ್ನು ಬುಧವಾರ ಬೆಳಗ್ಗೆ ವಶಕ್ಕೆ ಪಡೆದಂತೆ ಕಾಗದದಲ್ಲಿ ಬರೆದರೆ 24 ಗಂಟೆಯ ಲೆಕ್ಕ ಬುಧವಾರದಿಂದ ಶುರುವಾಗುತ್ತದೆ. ನಡುವಿನ ಎರಡು ರಾತ್ರಿಗಳಿಗೆ ಲೆಕ್ಕವೇ ಇರುವುದಿಲ್ಲ, ಹೊಡೆತ ಬೀಳುವುದೂ ಆ ರಾತ್ರಿಗಳಲ್ಲೇ. ಆದ್ದರಿಂದ ಕರೆದೊಯ್ದ ಸಮಯವನ್ನು ಮನೆಯವರು ಆಗಲೇ ಎಲ್ಲಾದರೂ ದಾಖಲಾಗುವಂತೆ ಮಾಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಸಂದೇಶ ಕಳಿಸಿ. ಕರೆಯ ಸಮಯ ಫೋನಿನಲ್ಲಿ ಉಳಿಯುತ್ತದೆ. ಮಂಡಳಿಯ ಮುಂದೆ ಬಂದ ಮೊದಲ ದಿನವೇ ಮೈಮೇಲಿನ ಗಾಯವನ್ನು ಹೇಳಿ ವೈದ್ಯಕೀಯ ತಪಾಸಣೆ ಕೇಳಬೇಕು. ಮುಂದಿನ ದಿನಾಂಕದ ಹೊತ್ತಿಗೆ ಬಾಸುಂಡೆ ಮಾಸಿರುತ್ತದೆ.

ಜೂನ್ 1ರಂದು ಹುಟ್ಟಿದವರು

ನಮ್ಮ ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿ. ಪುಟದುದ್ದಕ್ಕೂ ಜೂನ್ 1, ಜೂನ್ 1, ಜೂನ್ 1. ಹುಟ್ಟಿದ ದಿನ ಮನೆಯವರಿಗೆ ಗೊತ್ತಿರಲಿಲ್ಲ, ಶಾಲೆಗೆ ಸೇರಿಸಲು ವಯಸ್ಸು ತುಂಬಿರಬೇಕಿತ್ತು, ಮೇಷ್ಟ್ರು ಒಂದು ದಿನಾಂಕ ಬರೆದರು. ಆ ಅಂದಾಜಿನ ದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೆ ಕಾನೂನಿನ ಕಣ್ಣಿನಲ್ಲಿ ಅದೇ ಹುಟ್ಟಿದ ದಿನ.

ಕಾಯ್ದೆಯ 94ನೇ ಕಲಮು ವಯಸ್ಸನ್ನು ತೀರ್ಮಾನಿಸಲು ಮೆಟ್ಟಿಲು ಮೆಟ್ಟಿಲಾಗಿ ದಾರಿ ಹಾಕಿದೆ. ನೋಡಿದ ಕೂಡಲೇ ಮಗು ಎಂದು ಸ್ಪಷ್ಟವಿದ್ದರೆ ಮಂಡಳಿ ಹಾಗೆಂದು ದಾಖಲಿಸಿ ಮುಂದುವರಿಯಬಹುದು. ಅನುಮಾನಕ್ಕೆ ಕಾರಣವಿದ್ದರೆ ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಪರೀಕ್ಷಾ ಮಂಡಳಿಯ ಮೆಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ನಗರಸಭೆ, ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆದೇಶವಾದ 15 ದಿನದೊಳಗೆ ಅದು ಮುಗಿಯಬೇಕು. ಮೇಲಿನ ಮೆಟ್ಟಿಲಿನ ದಾಖಲೆ ಸಿಕ್ಕರೆ ಕೆಳಗಿನದಕ್ಕೆ ಇಳಿಯುವಂತಿಲ್ಲ.

ಇಲ್ಲಿ ಜನ ಬೀಳುವ ಗುಂಡಿಗಳು ಹಲವು. ಆಧಾರ್ ಕಾರ್ಡ್ ಹಿಡಿದು ಬರುವುದು ಮೊದಲನೆಯದು. ಅದು ಗುರುತಿನ ಚೀಟಿಯೇ ಹೊರತು ವಯಸ್ಸಿನ ಪುರಾವೆಯಲ್ಲ, ಸುಪ್ರೀಂ ಕೋರ್ಟ್ 2024ರಲ್ಲಿ ಹಾಗೆಯೇ ಹೇಳಿದೆ. ಟಿ.ಸಿ. ತಂದರೆ ಸಾಕು ಎಂದುಕೊಳ್ಳುವುದು ಎರಡನೆಯದು. ವರ್ಗಾವಣೆ ಪತ್ರ ಮತ್ತು ದಾಖಲಾತಿಯ ಉದ್ಧೃತ ಭಾಗ 94ನೇ ಕಲಮು ಕೇಳುವ ಪ್ರಮಾಣಪತ್ರವಾಗುವುದಿಲ್ಲ ಎಂದು 2023ರಲ್ಲಿ ತೀರ್ಪಾಗಿದೆ. ಆದ್ದರಿಂದ ಶಾಲೆಯಿಂದ ಜನ್ಮದಿನಾಂಕದ ಪ್ರಮಾಣಪತ್ರ ಎಂದೇ ಬರೆಸಿ, ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿ, ಅದರ ಬೆನ್ನಿಗೆ ದಾಖಲಾತಿ ಪುಸ್ತಕದ ಮೂಲವನ್ನು ಮಂಡಳಿಯ ಮುಂದೆ ತರಿಸುವ ಏರ್ಪಾಡು ಮಾಡಿಕೊಳ್ಳಬೇಕು. ಯಾವ ಆಧಾರದ ಮೇಲೆ ದಿನಾಂಕ ಬರೆದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಸಾದ ಮೇಲೆ ಓಡಾಡಿ ಮಾಡಿಸಿದ ಜನನ ಪ್ರಮಾಣಪತ್ರ ಮಾತ್ರ ತಂದರೆ ಅನುಮಾನದಿಂದಲೇ ನೋಡುತ್ತಾರೆ.

ಮೂಳೆ ಪರೀಕ್ಷೆಯ ಬಗ್ಗೆ ಭ್ರಮೆ ಬೇಡ. ಮಣಿಕಟ್ಟು, ಮೊಣಕೈ, ಸೊಂಟದ ಮೂಳೆಗಳ ಎಕ್ಸ್‌ರೇಯಲ್ಲಿ ತುದಿಗಳು ಎಷ್ಟು ಬೆಸೆದುಕೊಂಡಿವೆ ಎಂದು ನೋಡಿ ವೈದ್ಯರು ಅಂದಾಜು ಹೇಳುತ್ತಾರೆ. ಆಚೆ ಈಚೆ ಎರಡು ವರ್ಷದ ವ್ಯತ್ಯಾಸ ಇರಬಹುದು ಎಂದು ಸುಪ್ರೀಂ ಕೋರ್ಟ್ 1982ರಷ್ಟು ಹಿಂದೆಯೇ ಒಪ್ಪಿಕೊಂಡಿದೆ. ವರದಿಯಲ್ಲಿ 18 ಎಂದಿದ್ದರೆ ಹುಡುಗ ಹದಿನಾರರವನೂ ಇರಬಹುದು, ಇಪ್ಪತ್ತರವನೂ ಇರಬಹುದು. ಯಾವ ವಯಸ್ಸಿನ ಗೆರೆಯಲ್ಲಿ ಜಗಳವೋ ಅಲ್ಲಿಯೇ ಈ ಪರೀಕ್ಷೆ ಕೈಕೊಡುತ್ತದೆ.

ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು. ಹಾಜರುಪಡಿಸಿದ ದಿನದ್ದೇ ಮುಖ್ಯ ಎಂಬ ಗೊಂದಲ ಒಮ್ಮೆ ಇತ್ತು, 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ಹದಿನೇಳರಲ್ಲಿ ಮಾಡಿದ್ದಕ್ಕೆ ಇಪ್ಪತ್ತೈದರಲ್ಲಿ ಸಿಕ್ಕಿಬಿದ್ದರೂ ಕಾಯ್ದೆ ಅವನನ್ನು ಮಗುವೆಂದೇ ನೋಡುತ್ತದೆ. ಈ ವಾದವನ್ನು ಯಾವ ನ್ಯಾಯಾಲಯದಲ್ಲೂ, ಯಾವ ಹಂತದಲ್ಲೂ, ಶಿಕ್ಷೆ ಅಂತಿಮವಾದ ಮೇಲೂ ಎತ್ತಬಹುದು. 1994ರಲ್ಲಿ ಪುಣೆಯಲ್ಲಿ ನಡೆದ ಕೊಲೆಗಳ ಪ್ರಕರಣದಲ್ಲಿ ಮರಣದಂಡನೆ ಪಡೆದ ಒಬ್ಬ ಕೈದಿಯನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಕೃತ್ಯದ ದಿನ ಅವನಿಗೆ ಹನ್ನೆರಡೂವರೆ ವರ್ಷ. ಅಷ್ಟರಲ್ಲಿ 28 ವರ್ಷ ಜೈಲಿನಲ್ಲಿ ಕಳೆದಿದ್ದ. ಕೇಸಿನ ಕಡತದಲ್ಲಿದ್ದ ಹೆಸರು ಒಂದು, ರಾಜಸ್ಥಾನದ ಶಾಲೆಯ ಪುಸ್ತಕದಲ್ಲಿದ್ದ ಹೆಸರು ಇನ್ನೊಂದು. ಇಬ್ಬರೂ ಒಬ್ಬನೇ ಎಂದು ಸಾಬೀತಾಗುವವರೆಗೆ ಆ ಸಾಲು ಪುಸ್ತಕದಲ್ಲೇ ಬಿದ್ದಿತ್ತು. ನಮ್ಮಲ್ಲೂ ಮನೆಯಲ್ಲಿ ಕರೆಯುವ ಹೆಸರು ಬೇರೆ, ಶಾಲೆಯ ಹೆಸರು ಬೇರೆ, ಇನಿಷಿಯಲ್ ಬೇರೆ ಇರುವ ಮಕ್ಕಳು ಎಷ್ಟಿಲ್ಲ! ಠಾಣೆಯಲ್ಲಿ ಹೆಸರು ಬರೆಸುವಾಗಲೇ ಶಾಲೆಯಲ್ಲಿದ್ದಂತೆ ಬರೆಸಿ.

ಜಾಮೀನು ಮತ್ತು ಮನೆಯ ಕಥೆ

ಮಂಡಳಿಯಲ್ಲಿ ಮೂವರು: ಕನಿಷ್ಠ ಮೂರು ವರ್ಷ ಅನುಭವವಿರುವ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಇಲ್ಲಿ ಜಾಮೀನು ಕೊಡುವುದೇ ನಿಯಮ, ಅಪರಾಧ ಜಾಮೀನು ಸಿಗದ ವರ್ಗದ್ದಾದರೂ. ನಿರಾಕರಿಸಲು ಮೂರೇ ಕಾರಣಗಳು: ಬಿಟ್ಟರೆ ಹೆಸರುವಾಸಿ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ದೈಹಿಕ, ಮಾನಸಿಕ ಅಥವಾ ನೈತಿಕ ಅಪಾಯಕ್ಕೆ ಒಳಗಾಗುತ್ತಾನೆ, ಅಥವಾ ನ್ಯಾಯದ ಉದ್ದೇಶವೇ ಸೋಲುತ್ತದೆ. ಯಾವ ಕಾರಣ ಎಂಬುದನ್ನು ಬರೆಯಲೇಬೇಕು. ಮೂರನೆಯದು ಮಾತ್ರ ಜೋಳಿಗೆ ಇದ್ದ ಹಾಗೆ, ಏನನ್ನು ಬೇಕಾದರೂ ಅದರೊಳಗೆ ಹಾಕಬಹುದು. ಅಪರಾಧ ಗಂಭೀರವಾದದ್ದು ಎಂಬ ಒಂದೇ ಮಾತನ್ನು ಅದರೊಳಗೆ ತುರುಕಿ ಜಾಮೀನು ನಿರಾಕರಿಸಿದ ಆದೇಶಗಳನ್ನು ಹೈಕೋರ್ಟ್‌ಗಳು ಮತ್ತೆ ಮತ್ತೆ ರದ್ದುಮಾಡಿವೆ.

ಜಾಮೀನು ಸಿಕ್ಕಿಯೂ ಹುಡುಗ ಒಳಗೇ ಉಳಿಯುವುದು ಇನ್ನೊಂದು ನೋವು. ಭದ್ರತೆ ಕೊಡಲು ಪಹಣಿ ಇರುವವರು ಸಿಗುವುದಿಲ್ಲ. ಏಳು ದಿನದಲ್ಲಿ ಷರತ್ತು ಪೂರೈಸಲು ಆಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಬದಲಿಸಬೇಕೆಂದು 12ನೇ ಕಲಮಿನಲ್ಲೇ ಇದೆ. ಯಾರೂ ನೆನಪಿಸದಿದ್ದರೆ ಎಂಟನೇ ದಿನವೂ ಒಂಬತ್ತನೇ ದಿನವೂ ವೀಕ್ಷಣಾಲಯದಲ್ಲೇ ಕಳೆಯುತ್ತದೆ. ಜನ ಈಗಲೂ ರಿಮ್ಯಾಂಡ್ ಹೋಮ್ ಎಂದು ಕರೆಯುವುದು ಈ ವೀಕ್ಷಣಾಲಯವನ್ನೇ. ಬಾಲಮಂದಿರ ಬೇರೆ; ಅದು ಆರೈಕೆ, ರಕ್ಷಣೆ ಬೇಕಾದ ಮಕ್ಕಳದ್ದು, ಮಕ್ಕಳ ಕಲ್ಯಾಣ ಸಮಿತಿಯ ಸುಪರ್ದಿಗೆ ಬರುತ್ತದೆ.

ಇನ್ನು ಪರಿವೀಕ್ಷಣಾಧಿಕಾರಿಯ ವರದಿ. ಎರಡು ವಾರದೊಳಗೆ ನಮೂನೆ 6ರಲ್ಲಿ ಇದು ಮಂಡಳಿಗೆ ಹೋಗಬೇಕು. ಜಾಮೀನು, ಪೂರ್ವಭಾವಿ ಮೌಲ್ಯಮಾಪನ (ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಿಸಬೇಕೇ ಎಂದು ನೋಡುವುದು), ಕೊನೆಯ ಆದೇಶ ಎಲ್ಲವೂ ಇದನ್ನೇ ಆಧರಿಸುತ್ತವೆ. ಕೆಟ್ಟ ವರದಿಯ ಒಂದು ಸಾಲು ಹೀಗಿರುತ್ತದೆ: ‘ಕುಟುಂಬ ಬಡತನದಲ್ಲಿದ್ದು, ಹುಡುಗ ಸಹವಾಸ ದೋಷದಿಂದ ದಾರಿ ತಪ್ಪಿರುತ್ತಾನೆ.’ ಈ ಸಾಲನ್ನು ಯಾವ ಹುಡುಗನ ಕಡತಕ್ಕಾದರೂ ಅಂಟಿಸಬಹುದು, ಮಂಡಳಿಗೆ ಇದರಿಂದ ಮಾಡಲು ಏನೂ ಸಿಗುವುದಿಲ್ಲ. ಅದೇ ಹುಡುಗನ ಮನೆಗೆ ಹೋಗಿ, ಅರ್ಧ ದಿನ ಕೂತು ಬರೆದರೆ ಹೀಗಿರುತ್ತದೆ: ‘ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟಿದ್ದಾನೆ. ಎಂಟು ತಿಂಗಳಿಂದ ಗ್ಯಾರೇಜಿನಲ್ಲಿ ಕೆಲಸ, ರಾತ್ರಿ ಅಲ್ಲೇ ಮಲಗುತ್ತಾನೆ. ಪ್ರಕರಣದ ಇಬ್ಬರು ವಯಸ್ಕರು ಆ ಗ್ಯಾರೇಜಿಗೆ ಬರುವವರು. ಸೋದರಮಾವ ತಮ್ಮ ಊರಿಗೆ ಕರೆದೊಯ್ಯಲು ಸಿದ್ಧರಿದ್ದಾರೆ, ಅಲ್ಲಿನ ಪ್ರೌಢಶಾಲೆಯಲ್ಲಿ ವಿಚಾರಿಸಿದ್ದೇನೆ.’ ಎರಡನೆಯದನ್ನು ಓದಿದ ಮಂಡಳಿಗೆ ಆದೇಶ ಬರೆಯಲು ದಾರಿ ಕಾಣುತ್ತದೆ. ಫೋನಿನಲ್ಲಿ ಮಾತಾಡಿಸಿ ತುಂಬಿದ ನಮೂನೆ ಯಾವುದು, ಮನೆ ಮೆಟ್ಟಿಲು ತುಳಿದು ಬರೆದದ್ದು ಯಾವುದು ಎಂದು ಓದಿದ ಕೂಡಲೇ ತಿಳಿಯುತ್ತದೆ.

ಮನೆಯವರು ಅಧಿಕಾರಿ ಬರಲಿ ಎಂದು ಕಾಯದೆ ತಾವೇ ಹೋಗಿ ಭೇಟಿಯಾಗಬೇಕು. ಶಾಲೆಯ ಹಾಜರಿ, ಮೇಷ್ಟ್ರ ಮಾತು, ಚಿಕಿತ್ಸೆಯ ಚೀಟಿ, ಹುಡುಗನನ್ನು ನೋಡಿಕೊಳ್ಳಲು ಒಪ್ಪುವ ಹಿರಿಯರ ಹೆಸರು ಇಷ್ಟನ್ನು ಜೊತೆಗೆ ಒಯ್ಯಬೇಕು. ವರದಿ ಗೋಪ್ಯ. ಆದರೆ ಅದರ ಸಾರಾಂಶವನ್ನು ಮಗುವಿಗೆ ಅಥವಾ ಪೋಷಕರಿಗೆ ತಿಳಿಸಿ, ಎದುರು ಪುರಾವೆ ಕೊಡಲು ಅವಕಾಶ ನೀಡುವ ಅಧಿಕಾರ 99ನೇ ಕಲಮಿನಡಿ ಮಂಡಳಿಗಿದೆ. ಕೇಳಬೇಕು, ಬರವಣಿಗೆಯಲ್ಲಿ.

ಸಣ್ಣ, ಗಂಭೀರ, ಘೋರ

ಗರಿಷ್ಠ ಶಿಕ್ಷೆ ಮೂರು ವರ್ಷದವರೆಗೆ ಇರುವುದು ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವುದು ಘೋರ. ನಡುವಿನದೆಲ್ಲ ಗಂಭೀರ. ಗರಿಷ್ಠ ಹತ್ತು ವರ್ಷವಿದ್ದು ಕನಿಷ್ಠ ಎಂದು ಏನನ್ನೂ ಹೇಳದ ಅಪರಾಧಗಳು ಎಲ್ಲಿಗೆ ಸೇರುತ್ತವೆ ಎಂಬ ಪ್ರಶ್ನೆಗೆ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಉತ್ತರ ಬಂತು: ಅವು ಗಂಭೀರವೇ, ಘೋರವಲ್ಲ. 2021ರ ತಿದ್ದುಪಡಿ ಅದನ್ನೇ ಕಾಯ್ದೆಯೊಳಗೆ ಬರೆಯಿತು.

ಸರ ಎಳೆದ ಹುಡುಗನನ್ನು ತೆಗೆದುಕೊಳ್ಳಿ. ನ್ಯಾಯ ಸಂಹಿತೆಯ 304ರಡಿ ಕಸಿಯುವಿಕೆ ಎಂದು ಹಾಕಿದರೆ ಮೂರು ವರ್ಷದವರೆಗೆ ಶಿಕ್ಷೆ, ಸಣ್ಣ ಅಪರಾಧ. ಅದನ್ನೇ ಸುಲಿಗೆ ಎಂದು 309ರಡಿ ಹಾಕಿದರೆ ಹತ್ತು ವರ್ಷದವರೆಗೆ, ಗಂಭೀರ. ಕೊಲೆಯತ್ನ ಕೇಳಲು ಭಯಂಕರ, ಆದರೆ ಕನಿಷ್ಠ ಶಿಕ್ಷೆ ಇಲ್ಲದ್ದರಿಂದ ಗಂಭೀರದಲ್ಲೇ ನಿಲ್ಲುತ್ತದೆ. ಕೊಲೆ, ಅತ್ಯಾಚಾರ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆ) ಕಾಯ್ದೆಯ 4, 6ನೇ ಕಲಮುಗಳು ಘೋರ. ಪರಸ್ಪರ ಇಷ್ಟಪಟ್ಟು ಓಡಿಹೋದ ಹದಿನೇಳರ ಹುಡುಗ, ಹದಿನಾರರ ಹುಡುಗಿಯ ಪ್ರಕರಣವೂ ಪೋಕ್ಸೊ ಹಾಕಿದ ಕೂಡಲೇ ಕೊಲೆಯ ಸಾಲಿನಲ್ಲಿ ಬಂದು ಕೂರುತ್ತದೆ ಎಂಬುದು ಈ ವರ್ಗೀಕರಣದ ಅತ್ಯಂತ ಕ್ರೂರ ಫಲ ಎಂದೇ ನನ್ನ ಅಭಿಪ್ರಾಯ.

ವರ್ಗ ಬದಲಾದರೆ ದಾರಿಯೇ ಬದಲಾಗುತ್ತದೆ. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದಲ್ಲಿ ಆ ಆರು ತಿಂಗಳೂ ಮುಗಿದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಹಾಗೆ ಕೊನೆಗೊಳಿಸಿ ಎಂದು ಅರ್ಜಿ ಹಾಕುವವರು ಕಡಿಮೆ. ಬದಲಿಗೆ ‘ಒಪ್ಪಿಕೊಂಡುಬಿಡು, ಬುದ್ಧಿ ಹೇಳಿ ಇವತ್ತೇ ಕಳಿಸುತ್ತಾರೆ’ ಎಂದು ಮಗುವಿಗೆ ಹೇಳಿಕೊಡುತ್ತಾರೆ. ಮಾಡದ ತಪ್ಪನ್ನೂ ಒಪ್ಪಿಕೊಂಡು ಮನೆಗೆ ಹೋದ ಹುಡುಗ, ಅದೇ ಓಣಿಯಲ್ಲಿ ಮುಂದಿನ ಕಳ್ಳತನವಾದಾಗ ಪೊಲೀಸರಿಗೆ ನೆನಪಾಗುವ ಮೊದಲ ಹೆಸರು. ಉಚಿತ ವಕೀಲರನ್ನು ಒದಗಿಸುವುದು ಮಂಡಳಿಯದೇ ಹೊಣೆ, ಒಪ್ಪಿಗೆಗೆ ಮುಂಚೆ ಆ ವಕೀಲರು ಕಡತ ಓದಿರಬೇಕು.

ಹದಿನಾರರ ನಂತರದ ಬಾಗಿಲು

ಹದಿನಾರರಿಂದ ಹದಿನೆಂಟರ ನಡುವಿನವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ 15ನೇ ಕಲಮಿನಡಿ ಪೂರ್ವಭಾವಿ ಮೌಲ್ಯಮಾಪನ ನಡೆಯುತ್ತದೆ. ನೋಡಬೇಕಾದದ್ದು: ಅಂಥ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮವನ್ನು ಅರಿಯುವ ಶಕ್ತಿ ಇತ್ತೇ, ಯಾವ ಸನ್ನಿವೇಶದಲ್ಲಿ ನಡೆಯಿತು ಎನ್ನಲಾಗಿದೆ. ಮೂರು ತಿಂಗಳ ಗಡುವು. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಗಡುವು ಕಡ್ಡಾಯವಲ್ಲ, ಕಾರಣ ದಾಖಲಿಸಿ ವಿಸ್ತರಿಸಬಹುದು ಎಂದಿತು. ಮೌಲ್ಯಮಾಪನದ ಆದೇಶದ ಮೇಲೆ ಮೇಲ್ಮನವಿಗೆ 30 ದಿನ ಎಂದೂ ಅಲ್ಲೇ ಸ್ಪಷ್ಟವಾಯಿತು.

ಇದು ವಿಚಾರಣೆಯಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೂ ಮನಶ್ಶಾಸ್ತ್ರಜ್ಞರ ಮುಂದೆ ಕೂತ ಹುಡುಗನನ್ನು ‘ಹೇಗೆ ಮಾಡಿದೆ’ ಎಂದು ಕೇಳುತ್ತಾರೆ. ಮಾಡಿದ್ದೇ ಸಾಬೀತಾಗಿಲ್ಲ. ಅವನು ಹೇಳಿದ್ದು ವರದಿಯಲ್ಲಿ ಸೇರಿ ಮಂಡಳಿಯ ಕಣ್ಣಿಗೆ ಬೀಳುತ್ತದೆ. ಇನ್ನು ಕೆಲವು ವರದಿಗಳು ಬುದ್ಧಿಮತ್ತೆಯ ಅಂಕ ಒಂದನ್ನು ಬರೆದು, ಪರಿಣಾಮ ಅರಿಯಬಲ್ಲ ಎಂದು ಮುಗಿಸುತ್ತವೆ. ಚಾಕು ಹಾಕಿದರೆ ಮನುಷ್ಯ ಸಾಯುತ್ತಾನೆ ಎಂದು ಹತ್ತು ವರ್ಷದ ಮಗುವಿಗೂ ಗೊತ್ತು. ಆ ಕ್ಷಣದಲ್ಲಿ ತನ್ನನ್ನು ತಡೆದುಕೊಳ್ಳಬಲ್ಲನೇ, ಸತ್ತವರ ಮನೆಗೆ, ತನ್ನ ಮನೆಗೆ, ತನ್ನ ಮುಂದಿನ ಬದುಕಿಗೆ ಏನಾಗುತ್ತದೆ ಎಂದು ದೂರದವರೆಗೆ ಕಾಣಬಲ್ಲನೇ ಎಂಬುದು ಬೇರೆ ಪ್ರಶ್ನೆ. 2022ರ ಬರುಣ್ ಚಂದ್ರ ಠಾಕೂರ್ ತೀರ್ಪು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದಿತು. ತಜ್ಞರ ವರದಿ ಬಂದಾಗ ವಕೀಲರು ನೋಡಬೇಕಾದ್ದು ಇಷ್ಟು: ಎಷ್ಟು ಸಲ ಭೇಟಿಯಾದರು, ಯಾವ ಭಾಷೆಯಲ್ಲಿ ಮಾತಾಡಿಸಿದರು, ಕೃತ್ಯವಾಗಿ ಎಷ್ಟು ತಿಂಗಳಾಗಿತ್ತು, ಸನ್ನಿವೇಶದ ಬಗ್ಗೆ ಏನಾದರೂ ಬರೆದಿದ್ದಾರೆಯೇ.

ಮಂಡಳಿ ವಯಸ್ಕರ ವಿಚಾರಣೆಗೆಂದು ಮಕ್ಕಳ ನ್ಯಾಯಾಲಯಕ್ಕೆ ಕಳಿಸಿದರೂ ಅಲ್ಲಿಗೆ ಮುಗಿಯುವುದಿಲ್ಲ. ಆ ನ್ಯಾಯಾಲಯ 19ನೇ ಕಲಮಿನಡಿ ವಯಸ್ಕನಂತೆ ವಿಚಾರಿಸಬೇಕೇ ಬೇಡವೇ ಎಂದು ತಾನೇ ಮತ್ತೆ ನೋಡಬೇಕು. ವಯಸ್ಕನಂತೆ ಶಿಕ್ಷೆಯಾದರೂ ಇಪ್ಪತ್ತೊಂದರವರೆಗೆ ಕಾಯ್ದೆ ‘ಸುರಕ್ಷಿತ ಸ್ಥಳ’ ಎನ್ನುವ, ಜೈಲಲ್ಲದ ಜಾಗದಲ್ಲಿಯೇ ಇರಬೇಕು. ಅವನು ಬದಲಾಗಿದ್ದಾನೆಯೇ ಎಂದು ಆಗ ನೋಡಿ ಬಿಡಬಹುದು, ಇಲ್ಲವೇ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ಮರಣದಂಡನೆಯಾಗಲಿ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯಾಗಲಿ ಕೊಡುವಂತಿಲ್ಲ.

2024ರ ಮೇ 19ರ ಪುಣೆಯ ಕಾರು ಅಪಘಾತದಲ್ಲಿ ಇಬ್ಬರು ಸತ್ತರು. ಹದಿನೇಳರ ಹುಡುಗನಿಗೆ ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಿತೆಂದು ದೇಶವೇ ಸಿಟ್ಟಾಯಿತು. ಸತ್ತವರ ಮನೆಯವರ ಸಂಕಟದ ಮುಂದೆ ಆ ಷರತ್ತು ತೀರಾ ಹಗುರ, ನಿಜ. ಆದರೆ ವಯಸ್ಕನಂತೆ ವಿಚಾರಿಸಿ ಎಂಬ ಕೂಗಿಗೆ ಕಾಯ್ದೆಯಲ್ಲಿ ಜಾಗವಿರಲಿಲ್ಲ. ಹಾಕಿದ ಮುಖ್ಯ ಕಲಮಿಗೆ ಏಳು ವರ್ಷದ ಕನಿಷ್ಠ ಶಿಕ್ಷೆ ಇಲ್ಲ. 2025ರ ಜುಲೈನಲ್ಲಿ ಮಂಡಳಿ ಆ ಕೋರಿಕೆಯನ್ನು ತಳ್ಳಿಹಾಕಿತು.

ಆದೇಶ, ಆಮೇಲೆ ಕಡತ

ಕೃತ್ಯ ಸಾಬೀತಾದರೆ ಮಂಡಳಿ ಬುದ್ಧಿಮಾತು ಹೇಳಿ ಕಳಿಸಬಹುದು, ಗುಂಪು ಆಪ್ತಸಮಾಲೋಚನೆಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಹಾಕಬಹುದು, ಮೂರು ವರ್ಷದವರೆಗೆ ಪೋಷಕರ ಹೊಣೆಯಲ್ಲಿ ಸನ್ನಡತೆಯ ಮೇಲೆ ಬಿಡಬಹುದು, ಅಥವಾ ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ ಕಳಿಸಬಹುದು. ಜೊತೆಗೆ ಶಾಲೆಗೆ ಹೋಗಬೇಕು, ಕಸುಬು ಕಲಿಯಬೇಕು, ಇಂಥ ಜಾಗಕ್ಕೆ ಹೋಗಬಾರದು, ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕು ಎಂದೂ ಸೇರಿಸಬಹುದು. ಸಮುದಾಯ ಸೇವೆ ಎಂದು ಬರೆದು ಎಲ್ಲಿ, ಎಷ್ಟು ಗಂಟೆ, ಯಾರ ಉಸ್ತುವಾರಿ ಎಂದು ಬರೆಯದ ಆದೇಶ ನಡೆಯುವುದಿಲ್ಲ. ಹುಡುಗ ಎರಡು ದಿನ ಹೋಗಿ ಕೂತು ಬರುತ್ತಾನೆ, ಮೂರನೇ ದಿನ ಯಾರೂ ಕೇಳುವುದಿಲ್ಲ.

ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಯಾವುದನ್ನೂ ಪ್ರಕಟಿಸುವಂತಿಲ್ಲ. ಮಾಡಿದವರಿಗೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರಿನ ವಾಟ್ಸ್ಆ್ಯಪ್ ಗುಂಪಿಗೂ ಇದು ಅನ್ವಯಿಸುತ್ತದೆ.

24ನೇ ಕಲಮಿನ ಪ್ರಕಾರ, ಕೃತ್ಯ ಸಾಬೀತಾಗಿ ಈ ಕಾಯ್ದೆಯಡಿ ಆದೇಶವಾದ ಮಗುವಿಗೆ ಶಿಕ್ಷೆಯಿಂದ ಬರುವ ಯಾವ ಅನರ್ಹತೆಯೂ ಅಂಟುವುದಿಲ್ಲ, ವಯಸ್ಕನಂತೆ ವಿಚಾರಣೆಯಾದವರನ್ನು ಬಿಟ್ಟು. ಮೇಲ್ಮನವಿಯ ಅವಧಿ ಮುಗಿದ ಮೇಲೆ, ನಿಯಮಗಳ ಪ್ರಕಾರ ಹೆಚ್ಚೆಂದರೆ ಏಳು ವರ್ಷ ಇಟ್ಟು, ಕಡತವನ್ನು ನಾಶಮಾಡಬೇಕು. ಹುಡುಗನಾಗಿದ್ದಾಗಿನ ಪ್ರಕರಣವನ್ನು ಮುಂದಿಟ್ಟು ನೌಕರಿ ತಪ್ಪಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಂಡಳಿಯಲ್ಲಿ ನಾಶವಾದ ಕಡತದ ನೆರಳು ಠಾಣೆಯ ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಪಾಸ್‌ಪೋರ್ಟ್ ಅಥವಾ ಕೆಲಸದ ಪರಿಶೀಲನೆ ಬಂದಾಗ ಅದು ಎದ್ದು ಬರುತ್ತದೆ. ಆದ್ದರಿಂದ ಪ್ರಕರಣ ಮುಗಿದ ದಿನವೇ ಆದೇಶದ ದೃಢೀಕೃತ ಪ್ರತಿ ಪಡೆದು ಮನೆಯಲ್ಲಿಡಿ. ಅವಧಿ ಮುಗಿದ ಮೇಲೆ ಕಡತ ನಾಶಪಡಿಸಿ, ಠಾಣೆಗೂ ಹಾಗೆಯೇ ಸೂಚಿಸಿ ಎಂದು ಮಂಡಳಿಗೆ ಒಂದು ಪುಟದ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.